ರೀಬೌಂಡ್ ವೇಳೆಯ ಫೌಲ್‌ಗಳನ್ನು ಸರಿಯಾಗಿ ಗುರುತಿಸುವುದು ಹೇಗೆ

ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಚೆಂಡು ರಿಂಗಿಗೆ ತಗುಲಿ ಮೇಲಕ್ಕೆ ಚಿಮ್ಮಿದ ಕ್ಷಣದಲ್ಲಿ, ಅಂದರೆ ರೀಬೌಂಡಿನ ಹೊತ್ತಿನಲ್ಲಿ, ಏಳುವಷ್ಟು ಕೂಗಾಟ ಬೇರೆ ಯಾವಾಗಲೂ ಏಳುವುದಿಲ್ಲ. ಹಿಂದೆ ನಿಂತಿದ್ದ ಎತ್ತರದ ಆಟಗಾರ ಮುಂದಿದ್ದವನ ತಲೆಯ ಮೇಲಿನಿಂದ ಕೈಚಾಚಿ ಚೆಂಡನ್ನು ಹಿಡಿದೊಡನೆ ಬೆಂಚಿನಿಂದಲೂ ಪ್ರೇಕ್ಷಕರ ಸಾಲಿನಿಂದಲೂ ‘ಓವರ್ ದ ಬ್ಯಾಕ್’ ಎಂಬ ಕೂಗು ಬರುತ್ತದೆ. ಅನುಭವ ಕಡಿಮೆಯಿರುವ ರೆಫರಿ ಆ ಒತ್ತಡಕ್ಕೆ ಮಣಿದು ಸೀಟಿ ಊದುವುದೂ ಉಂಟು. ಆದರೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಪುಸ್ತಕದಲ್ಲಿ ಆ ಹೆಸರಿನ ಫೌಲ್ ಇಲ್ಲವೇ ಇಲ್ಲ. ತಳ್ಳಿದ್ದಕ್ಕೆ, ಹಿಡಿದದ್ದಕ್ಕೆ, ತೋಳು ಸಿಕ್ಕಿಸಿದ್ದಕ್ಕೆ, ಮೊಣಕೈ ಬೀಸಿದ್ದಕ್ಕೆ ರೆಫರಿ ತೋರಿಸಬೇಕಾದ ಕೈಸನ್ನೆಗಳನ್ನು ಆ ಪುಸ್ತಕ ಒಂದೊಂದಾಗಿ ಚಿತ್ರಸಹಿತ ಕೊಟ್ಟಿದೆ; ಇನ್ನೊಬ್ಬರ ಬೆನ್ನಿನ ಮೇಲಿನಿಂದ ಕೈಚಾಚಿದ್ದಕ್ಕೆ ಅಲ್ಲಿ ಯಾವ ಸನ್ನೆಯೂ ಇಲ್ಲ. ಈ ತಪ್ಪು ತಿಳಿವಳಿಕೆಯಿಂದ ಎತ್ತರಕ್ಕೆ ಜಿಗಿಯಬಲ್ಲ ಮಕ್ಕಳಿಗೆ ವಿನಾಕಾರಣ ಶಿಕ್ಷೆಯಾಗುತ್ತದೆ, ಮತ್ತು ಅದೇ ಹೊತ್ತಿನಲ್ಲಿ ಸೊಂಟದ ಮಟ್ಟದಲ್ಲಿ ನಡೆಯುವ ನಿಜವಾದ ಫೌಲ್‌ಗಳು ಯಾರ ಕಣ್ಣಿಗೂ ಬೀಳದೆ ಹೋಗುತ್ತವೆ. ಶಾಲಾ ಮಟ್ಟದಲ್ಲಿ ಪಂದ್ಯ ನಡೆಸುವ ದೈಹಿಕ ಶಿಕ್ಷಕರು, ಹೊಸದಾಗಿ ಸೀಟಿ ಹಿಡಿದ ರೆಫರಿಗಳು ಮತ್ತು ರೀಬೌಂಡ್ ಕಲಿಯುತ್ತಿರುವ ಆಟಗಾರರು ಇದನ್ನು ನಿಯಮದ ಆಧಾರದ ಮೇಲೆ ತಿಳಿದುಕೊಳ್ಳುವುದು ಅಗತ್ಯ.

ಮೊದಲು ಯಾವ ನಿಯಮದಡಿ ಆಡುತ್ತಿದ್ದೇವೆ ಎಂಬುದು ಸ್ಪಷ್ಟವಿರಬೇಕು. ಭಾರತದಲ್ಲಿ ಬ್ಯಾಸ್ಕೆಟ್‌ಬಾಲ್ ಫೆಡರೇಷನ್‌ನ ಆಶ್ರಯದಲ್ಲಿ ನಡೆಯುವ ಪಂದ್ಯಗಳಿಗೆ ಫಿಬಾ ನಿಯಮಗಳೇ ಅನ್ವಯ. 2017ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್ಪನ್ನು ಕಂಡವರು ನೋಡಿದ್ದೂ ಅವನ್ನೇ. ಮೊಬೈಲಿನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡಿ ನಿಯಮ ಕಲಿತವರಿಗೆ ಇಲ್ಲಿ ಗೊಂದಲವಾಗುವುದು ಸಹಜ. ಅಲ್ಲಿ ಆರನೆಯ ಫೌಲಿಗೆ ಆಟಗಾರ ಹೊರಹೋಗುತ್ತಾನೆ, ಫಿಬಾದಲ್ಲಿ ಐದನೆಯದಕ್ಕೆ. ಅಲ್ಲಿ ರಿಂಗಿನ ನೇರ ಮೇಲಿರುವ ಚೆಂಡನ್ನು ಮುಟ್ಟುವಂತಿಲ್ಲ. ಫಿಬಾದಲ್ಲಿ ಫೀಲ್ಡ್ ಗೋಲಿಗಾಗಿ (ಆಟದ ನಡುವೆ ಬಾಸ್ಕೆಟ್‌ಗೆ ಗುರಿಯಿಟ್ಟು) ಎಸೆದ ಚೆಂಡು ಒಮ್ಮೆ ರಿಂಗಿಗೆ ತಗುಲಿದ ಮೇಲೆ, ಅದು ರಿಂಗಿನ ಮೇಲೆ ಓಲಾಡುತ್ತಿದ್ದರೂ ಯಾವ ತಂಡದ ಆಟಗಾರ ಬೇಕಾದರೂ ಅದನ್ನು ತಟ್ಟಬಹುದು, ರಿಂಗ್ ಮತ್ತು ಬೋರ್ಡನ್ನು ಮುಟ್ಟದಿದ್ದರೆ ಸಾಕು. ಅದು ಫೌಲಿನ ವಿಷಯವೇ ಅಲ್ಲವಾದರೂ ರೀಬೌಂಡ್ ಗಲಾಟೆಯಲ್ಲಿ ಇದೂ ಫೌಲೆಂದು ಕೂಗುವವರಿದ್ದಾರೆ.

ದೇಹಸಂಪರ್ಕದ ಎಲ್ಲ ತೀರ್ಮಾನಗಳಿಗೂ ಆಧಾರವಾಗಿರುವುದು ಸಿಲಿಂಡರ್ ತತ್ವ. ಅಂಕಣದ ಮೇಲೆ ನಿಂತ ಪ್ರತಿಯೊಬ್ಬ ಆಟಗಾರನ ಸುತ್ತಲೂ ನೆಲದಿಂದ ಮೇಲಕ್ಕೆ ಏರುವ ಒಂದು ಕಾಲ್ಪನಿಕ ಸಿಲಿಂಡರ್ ಇರುತ್ತದೆ. ಅದರ ಮುಂದಿನ ಎಲ್ಲೆ ಅಂಗೈಗಳು, ಹಿಂದಿನ ಎಲ್ಲೆ ಪೃಷ್ಠ, ಪಕ್ಕದ ಎಲ್ಲೆಗಳು ಕೈಕಾಲುಗಳ ಹೊರ ಅಂಚು. ಬೇರೆಯವರು ಆಗಲೇ ನಿಂತಿರದ ಯಾವ ಜಾಗವನ್ನಾದರೂ ಆಟಗಾರನೊಬ್ಬ ಹೋಗಿ ಹಿಡಿಯಬಹುದು. ಹಿಡಿದ ಮೇಲೆ ಆ ನೆಲವೂ, ತಾನು ನೇರವಾಗಿ ಜಿಗಿದಾಗ ಅದರ ಮೇಲಿನ ಆಕಾಶವೂ ಅವನದು. ಮುಖ ಚೆಂಡಿನ ಕಡೆಗಿದೆಯೋ ಎದುರಾಳಿಯ ಕಡೆಗಿದೆಯೋ ಎಂಬುದು ರೀಬೌಂಡಿನಲ್ಲಿ ಈ ಹಕ್ಕನ್ನು ಬದಲಿಸುವುದಿಲ್ಲ. ತನ್ನ ಸಿಲಿಂಡರನ್ನು ಬಿಟ್ಟು ಹೊರಬಂದು, ಆಗಲೇ ನೆಲೆ ಹಿಡಿದಿದ್ದ ಎದುರಾಳಿಗೆ ತಗುಲಿದವನೇ ಆ ಸಂಪರ್ಕಕ್ಕೆ ಹೊಣೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರತಿ ರೀಬೌಂಡಿನಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ. ಆ ಜಾಗ ಮೊದಲು ಯಾರದಾಗಿತ್ತು? ತನ್ನ ಸಿಲಿಂಡರಿನಿಂದ ಹೊರಬಂದವರು ಯಾರು? ಆಗ ಆದ ಸಂಪರ್ಕದಿಂದ ಎದುರಾಳಿ ತನ್ನ ಜಾಗದಿಂದ ಕದಲಿದನೇ, ಅಥವಾ ಜಿಗಿಯಲು, ಕೈಯೆತ್ತಲು, ಇಳಿಯಲು ಅವನಿಗೆ ಅಡ್ಡಿಯಾಯಿತೇ? ಮೂರನೆಯ ಪ್ರಶ್ನೆಯನ್ನು ಮರೆತವರು ಪ್ರತಿ ತಗುಲಿಕೆಗೂ ಸೀಟಿ ಊದುತ್ತಾರೆ. ಹತ್ತು ಜನ ಆಡುವ ಆಟದಲ್ಲಿ, ಅವರಲ್ಲಿ ಆರೇಳು ಮಂದಿ ಒಂದೇ ಚೆಂಡಿಗಾಗಿ ರಿಂಗಿನ ಕೆಳಗೆ ಸೇರಿದಾಗ ಮೈಗೆ ಮೈ ತಾಗದಿರಲು ಸಾಧ್ಯವಿಲ್ಲವೆಂಬುದನ್ನು ನಿಯಮವೇ ಒಪ್ಪಿಕೊಂಡಿದೆ; ಸಂಪರ್ಕದಿಂದ ಒಬ್ಬರಿಗೆ ಅನ್ಯಾಯದ ಲಾಭ ಅಥವಾ ಇನ್ನೊಬ್ಬರಿಗೆ ನಷ್ಟ ಆಗಿದೆಯೇ ಎಂದು ತೂಗಿನೋಡುವಂತೆ ರೆಫರಿಗೆ ಅದು ಸೂಚಿಸುತ್ತದೆ.

ಈಗ ಆ ಹಳೆಯ ಕೂಗಿಗೆ ಹಿಂತಿರುಗೋಣ. ಹಿಂದಿನ ಆಟಗಾರ ಮುಂದಿನವನ ತಲೆಯ ಮೇಲಿನಿಂದ ಕೈಚಾಚಿ, ಅವನನ್ನು ಎಲ್ಲಿಯೂ ಮುಟ್ಟದೆ ಚೆಂಡು ಹಿಡಿದರೆ ಅದು ಫೌಲ್ ಅಲ್ಲ. ಅವನ ತೋಳು ಇನ್ನೊಬ್ಬರ ಸಿಲಿಂಡರಿನ ಮೇಲ್ಭಾಗಕ್ಕೆ ಹೋಗಿದ್ದು ನಿಜ, ಆದರೆ ಕಾನೂನುಬಾಹಿರ ಸಂಪರ್ಕವಿಲ್ಲದೆ ವೈಯಕ್ತಿಕ ಫೌಲ್ ಇಲ್ಲ. ಎದೆ ಬೆನ್ನಿಗೆ ಹಗುರವಾಗಿ ತಾಗಿದರೂ ಮುಂದಿನವನು ಕದಲದೆ, ಅವನ ಜಿಗಿತ ಕುಗ್ಗದೆ ಇದ್ದರೆ ಆಟ ಮುಂದುವರಿಯಬೇಕು. ಆದರೆ ಹಿಂದಿನವನ ಎದೆಯೋ ಮುಂಗೈಯೋ ಬೆನ್ನನ್ನು ಒತ್ತಿ ಮುಂದಿನವನನ್ನು ರಿಂಗಿನ ಅಡಿಗೆ ದೂಡಿದರೆ, ಹೆಗಲ ಮೇಲೆ ಕೈಯೂರಿ ಅವನು ಮೇಲೇಳದಂತೆ ಮಾಡಿದರೆ, ಅದು ಫೌಲ್. ಅದರ ಹೆಸರು ಪುಷಿಂಗ್ (ತಳ್ಳುವುದು) ಅಥವಾ ಹೋಲ್ಡಿಂಗ್ (ಹಿಡಿಯುವುದು). ‘ನಾನು ಚೆಂಡಿಗೇ ಕೈಹಾಕಿದ್ದೆ’ ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಚೆಂಡನ್ನು ಆಡುವ ಯತ್ನದಲ್ಲಿದ್ದೆ ಎಂಬ ಕಾರಣಕ್ಕೆ ರಕ್ಷಣಾ ಆಟಗಾರ ಹಿಂದಿನಿಂದ ಮಾಡಿದ ಸಂಪರ್ಕ ಸಮರ್ಥನೀಯವಾಗುವುದಿಲ್ಲ ಎಂದು ನಿಯಮ ಬಿಡಿಸಿ ಹೇಳಿದೆ. ಚೆಂಡು ಮೊದಲು ಕೈಗೆ ಸಿಕ್ಕಿತೋ, ಬೆನ್ನು ಮೊದಲು ತಾಗಿತೋ ಎಂಬ ವಾದಕ್ಕೂ ಬೆಲೆಯಿಲ್ಲ.

ಇದೇ ವಿಷಯದ ಇನ್ನೊಂದು ಮಗ್ಗುಲನ್ನು ‘ಓವರ್ ದ ಬ್ಯಾಕ್ ಎಂಬುದೇ ಇಲ್ಲ’ ಎಂದು ಹೊಸದಾಗಿ ತಿಳಿದವರು ಮರೆಯುತ್ತಾರೆ. ಹಿಂದಿನವನು ಮುಂದಿನವನ ತಲೆಯ ಮೇಲೆ ಕೈಚಾಚಿಕೊಂಡಿರುವಾಗ ಮುಂದಿನವನು ನೇರವಾಗಿ ಮೇಲಕ್ಕೆ ಜಿಗಿದು, ಅವನ ಕೈ ಅಥವಾ ತಲೆ ಆ ಚಾಚಿದ ತೋಳಿಗೆ ಬಡಿದು, ಚೆಂಡನ್ನು ತಲುಪಲಾಗದೆ ಹೋದರೆ ಹೊಣೆ ಹಿಂದಿನವನದೇ. ಮೇಲ್ನೋಟಕ್ಕೆ ಬಡಿದವನು ಮುಂದಿನವನಂತೆ ಕಂಡರೂ ಅವನು ತನ್ನ ಆಕಾಶದಲ್ಲೇ ಇದ್ದ. ಹೊರಗಿನಿಂದ ಬಂದದ್ದು ಆ ತೋಳು. ಇದಕ್ಕೆ ತದ್ವಿರುದ್ಧವಾಗಿ, ಹಿಂದಿನವನು ತನ್ನ ಜಾಗದಲ್ಲಿ ನೆಟ್ಟಗೆ ಜಿಗಿಯುತ್ತಿದ್ದಾಗ ಮುಂದಿನವನು ಬೆನ್ನನ್ನು ಹಿಂದಕ್ಕೆ ಚಾಚಿ ಜಿಗಿದು ಅವನ ಎದೆಗೆ ಬಿದ್ದರೆ ಫೌಲ್ ಮುಂದಿನವನದು. ಎಷ್ಟೋ ಪಂದ್ಯಗಳಲ್ಲಿ ಇಂಥ ಸಂದರ್ಭದಲ್ಲೂ ಹಿಂದಿದ್ದವನ ಹೆಸರಿಗೇ ಫೌಲ್ ಬೀಳುತ್ತದೆ, ಏಕೆಂದರೆ ನೋಡುವವರ ಮನಸ್ಸಿನಲ್ಲಿ ಹಿಂದಿದ್ದವನು ಮೊದಲೇ ಅಪರಾಧಿಯಾಗಿರುತ್ತಾನೆ. ಇಂಥ ತೀರ್ಪು ಬಹಳ ಅನ್ಯಾಯದ್ದು. ಚೆಂಡು ಎಲ್ಲಿಗೆ ಬೀಳುತ್ತದೆಂದು ಸರಿಯಾಗಿ ಊಹಿಸಿ, ಜಿಗಿತದ ಕ್ಷಣವನ್ನು ಸರಿಯಾಗಿ ಹಿಡಿದ ಆಟಗಾರನ ಶ್ರಮ ಅದರಿಂದ ವ್ಯರ್ಥವಾಗುತ್ತದೆ.

ಬಾಕ್ಸ್ ಔಟ್ ಮಾಡುವವರ, ಅಂದರೆ ಎದುರಾಳಿಯನ್ನು ಬೆನ್ನ ಹಿಂದೆ ಇರಿಸಿಕೊಂಡು ಒಳಗಿನ ಜಾಗ ಕಾಯುವವರ, ಫೌಲ್‌ಗಳನ್ನು ಕುರಿತು ಇನ್ನೂ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ತಪ್ಪಿಹೋಗುವುದು ಇವೇ. ಎದುರಾಳಿಗಿಂತ ಮೊದಲೇ ಒಳಗಿನ ಜಾಗಕ್ಕೆ ಬಂದು, ಮೊಣಕಾಲು ಬಗ್ಗಿಸಿ, ಕಾಲುಗಳನ್ನು ಸಹಜ ಅಗಲಕ್ಕೆ ಊರಿ, ಬೆನ್ನಿನಿಂದ ಅವನಿರುವ ತಾಣವನ್ನು ಅರಿಯುತ್ತಾ ನಿಲ್ಲುವುದು ಪೂರ್ತಿ ನಿಯಮಬದ್ಧ, ಮತ್ತು ರೀಬೌಂಡ್ ಕಲೆಯ ಅರ್ಧಭಾಗವೇ ಅದು. 1992ರಿಂದ 1998ರವರೆಗೆ ಸತತ ಏಳು ಸಾಲಿನಲ್ಲಿ ಎನ್‌ಬಿಎಯಲ್ಲಿ ಪಂದ್ಯವೊಂದಕ್ಕೆ ಸರಾಸರಿ ಅತಿ ಹೆಚ್ಚು ರೀಬೌಂಡ್ ಗಳಿಸಿದ ಡೆನಿಸ್ ರಾಡ್‌ಮನ್ ಆರಡಿ ಏಳಂಗುಲದವರು. ತಮಗಿಂತ ಎತ್ತರದ ಸೆಂಟರ್ ಆಟಗಾರರ ನಡುವೆ ಅವರು ಗೆದ್ದದ್ದು ಜಾಗ ಹಿಡಿಯುವ ಚುರುಕಿನಿಂದ. ಆದರೆ ಹಿಡಿದ ಜಾಗವನ್ನು ಕಾಯುವುದು ಬೇರೆ, ಎದುರಾಳಿಯ ಜಾಗವನ್ನು ಕಸಿಯುವುದು ಬೇರೆ. ಸೊಂಟವನ್ನು ಹಿಂದಕ್ಕೆ ತಳ್ಳುತ್ತಾ ಎದುರಾಳಿಯನ್ನು ಎರಡು ಮೂರು ಹೆಜ್ಜೆ ಹೊರಕ್ಕೆ ನೂಕುತ್ತಾ ಹೋಗುವುದು ಫೌಲ್. ಅವನ ತೊಡೆಯ ಮೇಲೆ ಕುಳಿತಂತೆ ಭಾರ ಹಾಕಿ ಮೇಲೇಳದಂತೆ ಮಾಡುವುದೂ ಫೌಲ್. ಮೊಣಕೈಗಳನ್ನು ಭುಜದಗಲ ಮೀರಿ ರೆಕ್ಕೆಯಂತೆ ಬಿಚ್ಚಿಟ್ಟು, ಪಕ್ಕದಿಂದ ಬರುವವನು ಅದಕ್ಕೆ ತಗುಲಿ ನಿಲ್ಲುವಂತೆ ಮಾಡಿದರೆ ಅದೂ ಸಿಲಿಂಡರಿನ ಹೊರಗಿನ ಸಂಪರ್ಕವೇ.

ಎಲ್ಲಕ್ಕಿಂತ ಜಾಣತನದ, ಎಲ್ಲಕ್ಕಿಂತ ಹೆಚ್ಚು ಮೋಸದ ಫೌಲೆಂದರೆ ತೋಳು ಸಿಕ್ಕಿಸುವುದು. ಮುಂದಿನ ಆಟಗಾರ ತನ್ನ ತೋಳನ್ನು ಕೆಳಗೆ ಹಿಂದಕ್ಕೆ ಬಿಟ್ಟು ಹಿಂದಿನವನ ತೋಳನ್ನೋ ಸೊಂಟವನ್ನೋ ಕೊಕ್ಕೆ ಹಾಕಿದಂತೆ ಬಿಗಿಹಿಡಿಯುತ್ತಾನೆ. ಚೆಂಡು ಬೀಳುವಾಗ ತಾನೇ ಮುಂದಕ್ಕೆ ಬಾಗುತ್ತಾನೆ. ಸಿಕ್ಕಿಕೊಂಡ ಹಿಂದಿನವನು ಅವನ ಬೆನ್ನಿನ ಮೇಲೆ ಬೀಳುತ್ತಾನೆ. ದೂರದಿಂದ ನೋಡಿದವರಿಗೆ ಇದು ಬೆನ್ನಿನ ಮೇಲೆ ಹತ್ತಿದಂತೆಯೇ ಕಾಣುತ್ತದೆ. ಹೀಗೆ ಎಳೆದವನಿಗೆ ಲಾಭವಾಗಿ ಎಳೆಸಿಕೊಂಡವನಿಗೆ ಫೌಲಾಗುವುದನ್ನು ತಡೆಯಬೇಕಾದರೆ ರೆಫರಿಯ ಕಣ್ಣು ಚೆಂಡಿನ ಮೇಲಿರದೆ ಆಟಗಾರರ ಮುಂಗೈಗಳ ಮೇಲಿರಬೇಕು. ಇಬ್ಬರು ಅಂಟಿಕೊಂಡು ಒಟ್ಟಿಗೆ ಬಿದ್ದರೆ ಮೇಲಿದ್ದವನು ಯಾರೆಂದು ನೋಡುವುದಕ್ಕಿಂತ ಮೊದಲು ಯಾರ ಕೈ ಯಾರನ್ನು ಹಿಡಿದಿತ್ತು ಎಂದು ನೋಡಬೇಕು. ಹಾಗೆಯೇ, ಬಿದ್ದವನಿಗೆಲ್ಲ ಫೌಲ್ ಆಗಿದೆ ಎಂದೂ ಅಲ್ಲ. ಫೌಲ್ ಆದಂತೆ ನಟಿಸಿ ಬೀಳುವ ಆಟಗಾರನಿಗೆ ಟೆಕ್ನಿಕಲ್ ಫೌಲ್ (ದೇಹಸಂಪರ್ಕವಿಲ್ಲದ ತಪ್ಪಿಗೆ ಕೊಡುವ ಫೌಲ್) ವಿಧಿಸಲು ನಿಯಮದಲ್ಲಿ ಅವಕಾಶವಿದೆ.

ಗಾಳಿಯಲ್ಲಿರುವ ಆಟಗಾರನ ರಕ್ಷಣೆಯ ವಿಷಯದಲ್ಲಿ ನಿಯಮ ಬಹಳ ಕಟ್ಟುನಿಟ್ಟು. ಜಿಗಿದ ಜಾಗದಲ್ಲೇ ಮತ್ತೆ ಇಳಿಯುವ ಹಕ್ಕು ಅವನಿಗಿದೆ. ಬೇರೆ ಜಾಗದಲ್ಲಿ ಇಳಿಯುವ ಹಕ್ಕೂ ಇದೆ, ಆದರೆ ಅವನು ನೆಲ ಬಿಟ್ಟ ಕ್ಷಣದಲ್ಲಿ ಆ ಜಾಗವೂ ಅಲ್ಲಿಗೆ ಹೋಗುವ ನೇರ ದಾರಿಯೂ ಎದುರಾಳಿಯಿಂದ ತೆರವಾಗಿರಬೇಕು. ಹಾಗಾಗಿ ಮೊದಲೇ ಅಲ್ಲಿ ನಿಂತವನ ಮೇಲೆ ಬಂದು ಬಿದ್ದರೆ ಜಿಗಿದವನದೇ ಫೌಲ್. ಜಿಗಿದ ಮೇಲೆ ಅವನ ಅಡಿಗೆ ಯಾರಾದರೂ ನುಗ್ಗಿ ಸಂಪರ್ಕವಾದರೆ ನುಗ್ಗಿದವರ ಫೌಲ್. ಎರಡನೆಯದನ್ನು ಸಾಮಾನ್ಯವಾಗಿ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಕ್ರೀಡಾಮನೋಭಾವಕ್ಕೆ ವಿರುದ್ಧವಾದ) ಫೌಲೆಂದೇ ಪರಿಗಣಿಸಬೇಕೆಂದೂ ಕೆಲವು ಸಂದರ್ಭಗಳಲ್ಲಿ ಆಟಗಾರನನ್ನು ಪಂದ್ಯದಿಂದಲೇ ಹೊರಹಾಕಬಹುದೆಂದೂ ನಿಯಮ ಹೇಳುತ್ತದೆ. ಎರಡೂ ಕೈಗಳನ್ನು ಮೇಲೆತ್ತಿ 3.05 ಮೀಟರ್ ಎತ್ತರದ ರಿಂಗಿನತ್ತ ಕಣ್ಣಿಟ್ಟು ಜಿಗಿದವನಿಗೆ ಕೆಳಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಕಾಲಿನಡಿಯ ನೆಲ ತಪ್ಪಿದರೆ ಅವನು ಬೆನ್ನು ಅಥವಾ ತಲೆ ಅಡಿಯಾಗಿ ಬೀಳುತ್ತಾನೆ. ಸಿಮೆಂಟಿನ ಅಂಕಣಗಳಲ್ಲಿ ಆಡುವ ನಮ್ಮ ಮಕ್ಕಳ ಮಟ್ಟಿಗೆ ಇದಕ್ಕಿಂತ ಅಪಾಯದ ಫೌಲ್ ಇನ್ನೊಂದಿಲ್ಲ. ಬಾಕ್ಸ್ ಔಟ್ ಹೆಸರಿನಲ್ಲಿ ತಡವಾಗಿ, ಎದುರಾಳಿ ನೆಲ ಬಿಟ್ಟಾದ ಮೇಲೆ, ಅವನ ಮೊಣಕಾಲಿಗೆ ಸೊಂಟ ಕೊಡುವ ಅಭ್ಯಾಸವನ್ನು ತರಬೇತಿಯಲ್ಲೇ ಬಿಡಿಸಬೇಕು.

ಚೆಂಡು ಕೈಸೇರಿದ ಮೇಲಿನ ಎರಡು ಸಂಗತಿಗಳು ಚಿಕ್ಕವಾದರೂ ತಿಳಿದಿರಬೇಕು. ಸುತ್ತಲಿನವರನ್ನು ದೂರ ಸರಿಸಲೆಂದು ಮೊಣಕೈಗಳನ್ನು ಅತಿಯಾಗಿ ಬೀಸಿದರೆ ಯಾರಿಗೂ ತಗುಲದಿದ್ದರೂ ಟೆಕ್ನಿಕಲ್ ಫೌಲ್ ಆಗಬಹುದು. ತಗುಲಿದರೆ ಅದರ ತೀವ್ರತೆಗೆ ತಕ್ಕಂತೆ ಶಿಕ್ಷೆ ಏರುತ್ತದೆ. ಇನ್ನು, ರೀಬೌಂಡ್ ಕಳೆದುಕೊಂಡ ತಂಡದವನು ಎದುರಾಳಿಯ ವೇಗದ ದಾಳಿಯನ್ನು ತಡೆಯಲು ಅಂಗಿ ಹಿಡಿದೆಳೆದರೆ ಅದು ಮಾಮೂಲಿ ಫೌಲಾಗಿ ಉಳಿಯುವುದಿಲ್ಲ. ಎರಡು ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದ ಎಸೆತ) ಜತೆಗೆ ಚೆಂಡೂ ಎದುರಾಳಿಗೆ ಹೋಗುತ್ತದೆ.

ಫೌಲನ್ನು ಸರಿಯಾಗಿ ಗುರುತಿಸಿದ ಮೇಲೂ ಮುಂದೇನು ಎಂಬಲ್ಲಿ ಎಡವುವವರು ಬಹಳ. ಎ ತಂಡದವನು ಶಾಟ್ ಎಸೆದನೆನ್ನಿ. ಚೆಂಡು ಅವನ ಕೈ ಬಿಟ್ಟ ಕ್ಷಣದಲ್ಲೇ ಎ ತಂಡದ ನಿಯಂತ್ರಣ ಮುಗಿಯುತ್ತದೆ. ರೀಬೌಂಡನ್ನು ಯಾರಾದರೂ ಹಿಡಿಯುವವರೆಗೆ ಚೆಂಡು ಯಾವ ತಂಡದ ನಿಯಂತ್ರಣದಲ್ಲೂ ಇರುವುದಿಲ್ಲ. ದಾಳಿ ಮಾಡುವ ತಂಡದ ಫೌಲಿಗೆ ಫ್ರೀ ಥ್ರೋ ಇಲ್ಲವೆಂಬ ವಿನಾಯಿತಿ, ಚೆಂಡು ಆ ತಂಡದ ನಿಯಂತ್ರಣದಲ್ಲಿ ಇದ್ದಾಗಷ್ಟೇ ಅನ್ವಯಿಸುವುದರಿಂದ, ರೀಬೌಂಡ್ ವೇಳೆ ಎ ತಂಡದವನು ಮಾಡಿದ ಫೌಲಿಗೆ ಅದು ದೊರೆಯುವುದಿಲ್ಲ. ಆ ಕ್ವಾರ್ಟರಿನಲ್ಲಿ ಎ ತಂಡ ಆಗಲೇ ನಾಲ್ಕು ಟೀಮ್ ಫೌಲ್ (ತಂಡದವರೆಲ್ಲರ ಫೌಲ್‌ಗಳ ಒಟ್ಟು ಲೆಕ್ಕ) ಮಾಡಿದ್ದರೆ, ರೀಬೌಂಡ್‌ಗಾಗಿ ತಳ್ಳಿದ ಆ ಐದನೆಯ ಫೌಲಿಗೆ ಎದುರಾಳಿ ಬಿ ತಂಡದ ಆಟಗಾರ ಎರಡು ಫ್ರೀ ಥ್ರೋ ಎಸೆಯುತ್ತಾನೆ. ‘ಅಟ್ಯಾಕಿಂಗ್ ಫೌಲ್, ಸೈಡ್ ಬಾಲ್ ಅಷ್ಟೇ’ ಎಂದು ಇಲ್ಲಿ ವಾದಿಸುವ ತರಬೇತುದಾರರು ನಿಯಮದ ಈ ಭಾಗವನ್ನು ಇನ್ನೊಮ್ಮೆ ಓದಬೇಕು.

ಚೆಂಡು ಗಾಳಿಯಲ್ಲಿರುವಾಗಲೇ ಫೌಲಾಗಿ, ನಂತರ ಚೆಂಡು ಬಾಸ್ಕೆಟ್‌ನೊಳಗೆ ಬಿದ್ದರೆ ಏನಾಗುತ್ತದೆ ಎಂಬುದರಲ್ಲೂ ಇಂಥದೇ ಗೊಂದಲವಿದೆ. ಶಾಟ್ ಆಗಲೇ ಕೈ ಬಿಟ್ಟಿದ್ದರಿಂದ ಬಾಸ್ಕೆಟ್ ಲೆಕ್ಕಕ್ಕೆ ಬರುತ್ತದೆ. ಅದೇ ತಂಡದ ಇನ್ನೊಬ್ಬ ಆಟಗಾರ ರಿಂಗಿನಡಿಯಲ್ಲಿ ತಳ್ಳಿದನೆಂಬ ಕಾರಣಕ್ಕೆ ಅಂಕ ರದ್ದಾಗುವುದಿಲ್ಲ. ಅಂಕ ಕೊಟ್ಟು, ತಳ್ಳಿದವನ ಹೆಸರಿಗೆ ಫೌಲ್ ಬರೆದು, ಟೀಮ್ ಫೌಲ್ ಲೆಕ್ಕದಂತೆ ಬಿ ತಂಡಕ್ಕೆ ಥ್ರೋ ಇನ್ (ಗೆರೆಯ ಹೊರಗಿನಿಂದ ಚೆಂಡನ್ನು ಆಟಕ್ಕೆ ಎಸೆಯುವ ಅವಕಾಶ) ಅಥವಾ ಫ್ರೀ ಥ್ರೋ ಕೊಡಬೇಕು. ಫೌಲ್ ಬಿ ತಂಡದವನದಾಗಿದ್ದು, ಶಾಟ್ ಎಸೆಯದ ಎ ತಂಡದ ಬೇರೊಬ್ಬ ಆಟಗಾರನ ಮೇಲಾಗಿದ್ದರೆ, ಒಂದು ಹೆಚ್ಚುವರಿ ಫ್ರೀ ಥ್ರೋ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಶಾಟ್ ಎಸೆದವನ ಮೇಲೆಯೇ ಫೌಲಾದಾಗ ಮಾತ್ರ. ಇಲ್ಲಿ ಅಂಕವೂ ಎ ತಂಡಕ್ಕೆ, ಅದರ ಮೇಲೆ ಥ್ರೋ ಇನ್ ಕೂಡ ಎ ತಂಡಕ್ಕೇ. ಬಿ ತಂಡದ ನಾಲ್ಕು ಟೀಮ್ ಫೌಲ್ ಮೊದಲೇ ಮುಗಿದಿದ್ದರೆ ಥ್ರೋ ಇನ್ ಬದಲು ಎರಡು ಫ್ರೀ ಥ್ರೋ. ಬಾಸ್ಕೆಟ್ ಆಗದೆ ಚೆಂಡು ರಿಂಗಿಗೆ ತಗುಲಿ, ರೀಬೌಂಡ್‌ನಲ್ಲಿ ಬಿ ತಂಡದವನು ಮಾಡಿದ ಫೌಲಿನಿಂದ ಚೆಂಡು ಮತ್ತೆ ಎ ತಂಡಕ್ಕೆ ಥ್ರೋ ಇನ್ ಆಗಿ ಬಂದರೆ ಶಾಟ್ ಕ್ಲಾಕ್ (ಶಾಟ್ ಎಸೆಯಲು ಉಳಿದ ಸಮಯದ ಗಡಿಯಾರ) 14 ಸೆಕೆಂಡಿನಿಂದ ಆರಂಭವಾಗುತ್ತದೆ, 24ರಿಂದಲ್ಲ.

ಫ್ರೀ ಥ್ರೋ ರೀಬೌಂಡಿನಲ್ಲಿ ಸಾಲಿನಲ್ಲಿ ನಿಂತವರು ಎಸೆಯುವವನ ಕೈಯಿಂದ ಚೆಂಡು ಬಿಡುವ ಮೊದಲೇ ಒಳನುಗ್ಗಿದರೆ ಅದು ವಯಲೇಷನ್ (ಬರಿಯ ನಿಯಮಭಂಗ), ಫೌಲ್ ಅಲ್ಲ. ಒಳಗೆ ಬಂದ ಮೇಲೆ ಆಗುವ ತಳ್ಳಾಟಕ್ಕೆ ಮೇಲೆ ಹೇಳಿದ ಎಲ್ಲ ಮಾತೂ ಅನ್ವಯ.

ರೆಫರಿಗಳಿಗೆ ಕೆಲವು ಕಾರ್ಯರೂಪದ ಸೂಚನೆಗಳು. ಚೆಂಡು ಮೇಲಕ್ಕೆ ಹೋದೊಡನೆ ಕಣ್ಣು ಅದರ ಹಿಂದೆ ಹೋಗುವುದು ಮನುಷ್ಯಸಹಜ, ಆದರೆ ಫೌಲ್ ಚೆಂಡಿನಲ್ಲಿ ಆಗುವುದಿಲ್ಲ. ಇಬ್ಬರು ರೆಫರಿಗಳಿರುವ ಪಂದ್ಯದಲ್ಲಿ ಚೆಂಡಿನ ಹಾದಿಯನ್ನು ಹಿಂದಿನ ರೆಫರಿ (ದಾಳಿಯ ಹಿಂಬದಿಯಲ್ಲಿ ನಿಂತವರು) ನೋಡಿಕೊಳ್ಳಲಿ. ಬೇಸ್‌ಲೈನಿನಲ್ಲಿರುವವರು ಜಾಗಕ್ಕಾಗಿ ಪೈಪೋಟಿ ನಡೆಸುತ್ತಿರುವ ಜೋಡಿಯೊಂದನ್ನು ಆರಿಸಿಕೊಂಡು ಆರಂಭದಿಂದ ಕೊನೆಯವರೆಗೆ ನೋಡಲಿ. ರಿಂಗಿನ ನೇರ ಕೆಳಗೆ ನಿಂತರೆ ಒಬ್ಬರ ಮೈ ಇನ್ನೊಬ್ಬರನ್ನು ಮರೆಮಾಡುತ್ತದೆ. ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು, ಇಬ್ಬರ ನಡುವಿನ ತೆರಪು ಕಾಣುವ ಕೋನದಲ್ಲಿ ನಿಲ್ಲಬೇಕು. ತೆರಪು ಮುಚ್ಚಿದ್ದನ್ನು ಕಂಡವರಷ್ಟೇ ಅದನ್ನು ಮುಚ್ಚಿದವರು ಯಾರೆಂದು ಹೇಳಬಲ್ಲರು. ಹಿಂದಿನ ರೆಫರಿ ಮರುದಾಳಿಯನ್ನು ಊಹಿಸಿ ಮೊದಲೇ ಓಡತೊಡಗಿದರೆ ಆಚೆ ಬದಿಯ ಬಾಕ್ಸ್ ಔಟ್‌ಗಳನ್ನು ನೋಡುವವರೇ ಇರುವುದಿಲ್ಲ. ಸಂಪರ್ಕ ಕಂಡೊಡನೆ ಊದದೆ, ಅದರ ಪರಿಣಾಮ ಏನೆಂದು ತಿಳಿಯುವಷ್ಟು ಕ್ಷಣ ತಾಳಬೇಕು. ಸಣ್ಣದಾಗಿ ತಾಗಿಸಿಕೊಂಡವನಿಗೇ ಚೆಂಡು ಶುದ್ಧವಾಗಿ ದೊರೆತು ಅವನ ತಂಡ ದಾಳಿಗೆ ಹೊರಟಿದ್ದರೆ ಸೀಟಿಯಿಂದ ನಷ್ಟವಾಗುವುದು ಅವನಿಗೇ. ಆದರೆ ಅಡಿಗೆ ನುಗ್ಗಿದ್ದು, ಮೊಣಕೈ ಬಡಿದದ್ದು, ತೋಳು ಸಿಕ್ಕಿಸಿ ಎಳೆದದ್ದು ಇಂಥ ತಾಳ್ಮೆಗೆ ಯೋಗ್ಯವಲ್ಲ. ಅವನ್ನು ಮೊದಲ ಕ್ವಾರ್ಟರಿನ ಮೊದಲ ರೀಬೌಂಡಿನಲ್ಲೇ ಹಿಡಿದರೆ ಉಳಿದ ಪಂದ್ಯ ತಾನಾಗಿ ಹದಕ್ಕೆ ಬರುತ್ತದೆ.

ಫೌಲ್ ಕೊಟ್ಟಾಗ ಅದನ್ನು ಸ್ಕೋರರ್ ಮೇಜಿಗೆ ಅದರ ಸರಿಯಾದ ಸನ್ನೆಯಿಂದ ತಿಳಿಸುವುದೂ ಮುಖ್ಯ. ಬೆನ್ನಿನ ಮೇಲೆ ಕೈ ಬಾಗಿಸಿ ತೋರಿಸುವ ಮನೆಯಲ್ಲೇ ಮಾಡಿಕೊಂಡ ಸನ್ನೆಯನ್ನು ಬಿಟ್ಟು, ತಳ್ಳಿದ್ದೋ ಹಿಡಿದದ್ದೋ ಎಂದು ನಿರ್ಧರಿಸಿ ತೋರಿಸುವ ರೆಫರಿಗೆ ತಾನು ಕಂಡದ್ದೇನು ಎಂಬುದು ತನಗೇ ಸ್ಪಷ್ಟವಾಗುತ್ತದೆ. ಎರಡರಲ್ಲಿ ಯಾವುದನ್ನೂ ಹೇಳಲಾಗದಿದ್ದರೆ ಬಹುಶಃ ಅಲ್ಲಿ ಫೌಲೇ ಇರಲಿಲ್ಲ. ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ 1892ರ ಜನವರಿಯಲ್ಲಿ ಪ್ರಕಟಿಸಿದ ಹದಿಮೂರು ನಿಯಮಗಳಲ್ಲಿ ಐದನೆಯದು ಭುಜದಿಂದ ನೂಕುವುದು, ಹಿಡಿಯುವುದು, ತಳ್ಳುವುದು, ಕಾಲುಕೊಟ್ಟು ಬೀಳಿಸುವುದು, ಹೊಡೆಯುವುದು ಇವನ್ನು ನಿಷೇಧಿಸುತ್ತದೆ. ಇನ್ನೊಬ್ಬನಿಗಿಂತ ಎತ್ತರಕ್ಕೆ ಕೈಚಾಚುವುದು ಆ ಪಟ್ಟಿಯಲ್ಲಿ ಅಂದೂ ಇರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಎಳೆದಾಡುತ್ತಿದ್ದು ಮೊದಲು ಯಾರೆಂದು ಬೇರ್ಪಡಿಸಲಾಗದಿದ್ದರೆ, ಒಬ್ಬರನ್ನು ಆರಿಸಿ ಶಿಕ್ಷಿಸುವ ಅಗತ್ಯವಿಲ್ಲ. ಸುಮಾರು ಒಂದೇ ಹೊತ್ತಿಗೆ ಇಬ್ಬರೂ ಎಸಗಿದ ಫೌಲನ್ನು ಡಬಲ್ ಫೌಲೆಂದು ಘೋಷಿಸಿ ಇಬ್ಬರ ಹೆಸರಿಗೂ ಒಂದೊಂದು ಫೌಲ್ ಬರೆಯಬೇಕು. ಫ್ರೀ ಥ್ರೋ ಯಾರಿಗೂ ಇಲ್ಲ. ಚೆಂಡು ಆಗ ಯಾವ ತಂಡದ ನಿಯಂತ್ರಣದಲ್ಲೂ ಇರದಿದ್ದು ಬಾಸ್ಕೆಟ್ ಕೂಡ ಆಗದಿದ್ದರೆ ಅದು ಜಂಪ್ ಬಾಲ್ ಸನ್ನಿವೇಶ. ಮೇಜಿನ ಮೇಲಿನ ಬಾಣದ ಗುರುತು ಯಾವ ತಂಡದ ಕಡೆಗೆ ತೋರಿಸುತ್ತಿದೆಯೋ ಆ ತಂಡ ಥ್ರೋ ಇನ್ ಮಾಡುತ್ತದೆ, ಥ್ರೋ ಇನ್ ಮುಗಿದೊಡನೆ ಮೇಜಿನವರು ಬಾಣವನ್ನು ಇನ್ನೊಂದು ತಂಡದ ಕಡೆಗೆ ತಿರುಗಿಸುತ್ತಾರೆ.